ಎರಡನೆಯ ವರದಿ ಸರಿಯಿದ್ದರೆ ಮೊದಲನೆಯದನ್ನು ಬಿಡಬಹುದೇ?

ಪ್ರಶ್ನೆ: ನನಗೆ 56 ವರ್ಷ, ಅಡಿಕೆ ಕೃಷಿಕ. ಎರಡು ತಿಂಗಳ ಹಿಂದೆ ಮಾಡಿಸಿದ ಫಿಟ್ ಎಂಬ ಮಲ ಪರೀಕ್ಷೆಯಲ್ಲಿ ಕಣ್ಣಿಗೆ ಕಾಣದ ರಕ್ತವಿದೆಯೆಂದು ಬಂತು. ಹಳೆಯ ಮೂಲವ್ಯಾಧಿಯದೇ ರಕ್ತವಿರಬೇಕೆಂದು ತಿಂಗಳಿಡೀ ಸುವರ್ಣಗಡ್ಡೆಯ ಪಲ್ಯ, ಮಜ್ಜಿಗೆ ಸೇವಿಸಿ ಮತ್ತೆ ಪರೀಕ್ಷಿಸಿದಾಗ ರಕ್ತವಿಲ್ಲವೆಂದು ಬಂದಿದೆ. ಹೊಟ್ಟೆನೋವಿಲ್ಲ, ತೂಕವೂ ಇಳಿದಿಲ್ಲ. ಆದರೂ ಗುದದ್ವಾರದ ಮೂಲಕ ಕ್ಯಾಮೆರಾ ಇರುವ ಕೊಳವೆ ತೂರಿಸಿ ದೊಡ್ಡ ಕರುಳನ್ನು ನೋಡುವ ಕೊಲೊನೋಸ್ಕೋಪಿ ಬೇಕೇ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಬೇಕು, ದಯವಿಟ್ಟು ಮುಂದೂಡಬೇಡಿ. ದೊಡ್ಡ ಕರುಳಿನ ಒಳಗೋಡೆಯಲ್ಲಿ ಕೆಲವೊಮ್ಮೆ ಅಣಬೆಯಂತೆ ತೊಟ್ಟಿನ ಮೇಲೆ, ಕೆಲವೊಮ್ಮೆ ಚಪ್ಪಟೆಯಾಗಿ ಬೆಳೆಯುವ ಪಾಲಿಪ್ ಎಂಬ ಗಂಟುಗಳು ದಿನವೂ ರಕ್ತ ಸುರಿಸುವುದಿಲ್ಲ; ಇಂದು ಒಸರಿದ್ದು ನಾಳೆ ನಿಲ್ಲಬಹುದು. ಆದ್ದರಿಂದ ಎರಡನೆಯ ಮಾದರಿಯಲ್ಲಿ ರಕ್ತ ಸಿಗಲಿಲ್ಲವೆಂದರೆ ಆ ದಿನದ ಮಾದರಿಯಲ್ಲಿ ಸಿಗಲಿಲ್ಲವೆಂದಷ್ಟೇ ಅರ್ಥ. ಮಾದರಿಯ ಕೊಳವೆ ಸೆಕೆಯಲ್ಲಿ ಎರಡು ಮೂರು ದಿನ ಉಳಿದರೂ ಹಿಮೋಗ್ಲೋಬಿನ್ ಕೆಟ್ಟು, ಇದ್ದ ರಕ್ತವೂ ಇಲ್ಲವೆಂದು ಬರುವುದುಂಟು.

ಮೂಲವ್ಯಾಧಿ ಇರುವವರಿಗೆ ಪಾಲಿಪ್ ಬರಬಾರದೆಂಬ ನಿಯಮವಿಲ್ಲ. ರಕ್ತ ಎಲ್ಲಿಂದ ಬಂತೆಂದು ಫಿಟ್ ಹೇಳಲಾರದು. ಒಳಗೆ ನೋಡಿಯೇ ತಿಳಿಯಬೇಕು. ಮೂಲವ್ಯಾಧಿಯೆಂದು ವರ್ಷಗಟ್ಟಲೆ ಮದ್ದು ಮಾಡಿ, ಕರುಳು ಕಟ್ಟಿಕೊಂಡ ಮೇಲೆ ಆಸ್ಪತ್ರೆಗೆ ಬಂದವರನ್ನು ಕಂಡಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ನೋವಿಲ್ಲದಿರುವುದು ಕೂಡ ಆಧಾರವಲ್ಲ. ಕರುಳಿನ ಕ್ಯಾನ್ಸರನ್ನು ಲಕ್ಷಣಗಳಿಲ್ಲದ ಕಾಲದಲ್ಲೇ ಹಿಡಿಯಬೇಕೆಂದು ಈ ಮಲ ಪರೀಕ್ಷೆಯಿರುವುದು.

ಹೆದರಬೇಡಿ. ಫಿಟ್‌ನಲ್ಲಿ ರಕ್ತ ಕಂಡವರಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರ್ ಇರುವುದಿಲ್ಲ, ಸಾಕಷ್ಟು ಜನರಲ್ಲಿ ಪಾಲಿಪ್ ಮಾತ್ರ ಸಿಗುತ್ತದೆ. ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 10 ವರ್ಷಗಳಷ್ಟು ಹಿಡಿಯುವುದರಿಂದ, ಕೊಲೊನೋಸ್ಕೋಪಿಯ ಹೊತ್ತಿನಲ್ಲೇ ತಂತಿಯ ಕುಣಿಕೆ ಹಾಕಿ ತೆಗೆದರೆ ರೋಗ ಹುಟ್ಟುವ ಮೊದಲೇ ತಪ್ಪಿಸಿದಂತಾಗುತ್ತದೆ. ರಕ್ತ ಕಂಡ ಮೇಲೆ 10 ತಿಂಗಳಿಗೂ ಮಿಗಿಲಾಗಿ ತಡಮಾಡಿದವರಲ್ಲಿ ಮುಂದುವರಿದ ಹಂತದ ಕ್ಯಾನ್ಸರ್ ಹೆಚ್ಚು ಕಂಡುಬಂದಿದೆ. ನಿಮಗೆ ಆಗಲೇ ಎರಡು ತಿಂಗಳು ಕಳೆದಿವೆ.

ಪರೀಕ್ಷೆಗಿಂತ ಸಿದ್ಧತೆಯೇ ಕಷ್ಟ. ಹಿಂದಿನ ದಿನ ಸೊಪ್ಪು, ಬೀಜವಿರುವ ತರಕಾರಿ, ಕುಚ್ಚಲಕ್ಕಿ ಬಿಟ್ಟು ತೆಳುವಾದ ಊಟ ಮಾಡಬೇಕು. ಎರಡು ಲೀಟರಿಗೂ ಹೆಚ್ಚು ನೀರಿನಲ್ಲಿ ಕರಗಿಸಿದ ಭೇದಿಯ ಪುಡಿಯನ್ನು ರಾತ್ರಿ ಒಂದಷ್ಟು, ಬೆಳಗಿನ ಜಾವ ಉಳಿದದ್ದು ಎಂಬಂತೆ ಕುಡಿಯಬೇಕು. ಕೊನೆಗೆ ಹೋಗುವುದು ತಿಳಿ ಹಳದಿ ನೀರಿನಂತಿದ್ದರೆ ಕರುಳು ಶುಚಿಯಾಗಿದೆಯೆಂದು ತಿಳಿಯಿರಿ. ಅದನ್ನು ಕುಡಿದು ಮಂಡಗದ್ದೆ ದಾರಿಯ ಬಸ್ಸಿನಲ್ಲಿ ಕೂರುವುದು ಆಗದ ಮಾತು. ಹಿಂದಿನ ದಿನವೇ ಶಿವಮೊಗ್ಗಕ್ಕೆ ಹೋಗಿ ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ಉಳಿಯಿರಿ. ಮಂಪರಿನ ಚುಚ್ಚುಮದ್ದು ಕೊಡುವುದರಿಂದ ಜೊತೆಗೊಬ್ಬರು ಇರಲಿ. ರಕ್ತ ತೆಳುಮಾಡುವ ಮಾತ್ರೆ, ಸಕ್ಕರೆ ಕಾಯಿಲೆಯ ಔಷಧ ಅಥವಾ ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವಾರ ಮುಂಚೆಯೇ ವೈದ್ಯರಿಗೆ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ.

ಏನೂ ಸಿಗದಿದ್ದರೆ ಸಾಮಾನ್ಯವಾಗಿ 10 ವರ್ಷ ಮಲ ಪರೀಕ್ಷೆಯ ಅಗತ್ಯ ಬೀಳುವುದಿಲ್ಲ. ದೊಡ್ಡ ಪಾಲಿಪ್ ಸಿಕ್ಕರೆ ವರದಿಯ ಪ್ರತಿಯನ್ನು ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ಕೊಡಿ. ಅವರಿಗೆ ಯಾವ ವಯಸ್ಸಿನಿಂದ, ಯಾವ ಪರೀಕ್ಷೆ ಬೇಕೆಂಬುದನ್ನು ಅವರ ವೈದ್ಯರು ಅದನ್ನು ನೋಡಿ ಹೇಳುತ್ತಾರೆ.