ನಿಧಾನಗೊಳಿಸಿದ ಹಾಡಿನ ದುಃಖ

ಪ್ರಶ್ನೆ: ಕಾಲೇಜಿನಲ್ಲಿ ಓದುವ ನನ್ನ ಮಗ ರಾತ್ರಿ ಹೊತ್ತು ಹಿಂದಿಯ ವಿರಹದ ಹಾಡುಗಳನ್ನು ‘ಸ್ಲೋಡ್ ಆ್ಯಂಡ್ ರಿವರ್ಬ್’ ರೂಪದಲ್ಲಿ, ಅಂದರೆ ವೇಗ ಇಳಿಸಿ ಗುಂಗು ಬೆರೆಸಿದ ರೂಪದಲ್ಲಿ, ಕೇಳುತ್ತಾನೆ. ಲತಾ ಮಂಗೇಶ್ಕರ್ ಅವರ ‘ಲಗ್ ಜಾ ಗಲೇ’ ಬೇರೆ ಯಾರದೋ ದನಿಯಂತೆ ಕೇಳಿಸುತ್ತದೆ. ಅದಕ್ಕೆ ಮಳೆಯ ಸದ್ದನ್ನೂ ಬೆರೆಸಿದ್ದಾರೆ. ಇದು ಮೂಲ ಹಾಡಿಗೆ ಮಾಡುವ ಅಪಚಾರವಲ್ಲವೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ದನಿ ಬದಲಾಗಿದೆ ಎಂದು ನಿಮಗನ್ನಿಸಿದ್ದು ಸರಿಯಾಗಿಯೇ ಇದೆ. ಧ್ವನಿಮುದ್ರಣದ ವೇಗವನ್ನು ಶೇ. 16ರಷ್ಟು ಇಳಿಸಿದರೆ ಶ್ರುತಿಯೂ ಅದರೊಂದಿಗೆ ಇಳಿಯುತ್ತದೆ. ಹಾರ್ಮೋನಿಯಂನ ಕಪ್ಪು, ಬಿಳಿ ಮನೆಗಳೆರಡನ್ನೂ ಲೆಕ್ಕ ಹಿಡಿದರೆ ಅದು ಸುಮಾರು ಮೂರು ಮನೆ ಕೆಳಗೆ ಬರುತ್ತದೆ. ಅದರ ಮೇಲೆ ಅನುರಣನವನ್ನೂ, ಅಂದರೆ ದನಿ ನಿಂತ ಮೇಲೂ ಉಳಿಯುವ ಗುಂಗನ್ನೂ, ಸೇರಿಸಿದಾಗ ಒಂದು ಅಕ್ಷರದ ಉಳಿದ ನಾದ ಮುಂದಿನ ಅಕ್ಷರವನ್ನು ಆವರಿಸಿ ಮಾತುಗಳು ಮಸುಕಾಗುತ್ತವೆ. 1990ರ ದಶಕದಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಡಿಜೆ ಸ್ಕ್ರೂ ಎಂಬವರು ರ‍್ಯಾಪ್ ಹಾಡುಗಳನ್ನು ಹೀಗೆ ನಿಧಾನಗೊಳಿಸಿ ಕ್ಯಾಸೆಟ್ಟುಗಳಲ್ಲಿ ಕೊಡುತ್ತಿದ್ದರು. ಈಗಿನ ಪದ್ಧತಿಯ ಬೇರು ಅಲ್ಲಿದೆ.

ಹಾಡು ರೂಪ ಬದಲಿಸುವುದನ್ನೇ ನಾನು ಅಪಚಾರ ಎನ್ನಲಾರೆ. ಒಂದೇ ಭಾವಗೀತೆಯನ್ನು ಬೇರೆ ಬೇರೆ ಧಾಟಿಗಳಲ್ಲಿ ಕೇಳಿ ಮೆಚ್ಚಿದ ಊರು ನಮ್ಮ ಶಿವಮೊಗ್ಗ. ಆದರೆ ಅಲ್ಲಿ ಹೊಸ ಗಾಯಕ ತನ್ನ ಉಸಿರಿನಿಂದ ಕವಿತೆಯನ್ನು ಮತ್ತೆ ಕಟ್ಟುತ್ತಾನೆ. ಇಲ್ಲಿ ಹಿಂದೆಂದೋ ಹಾಡಿದವರ ಉಸಿರನ್ನೇ ಅವರನ್ನು ಕೇಳದೆ ಹಿಗ್ಗಿಸಲಾಗುತ್ತದೆ. ಹಾಗೆ ಹಿಗ್ಗಿಸಿದ್ದನ್ನು ಎಲ್ಲ ಹಾಡುಗಳೂ ಒಂದೇ ರೀತಿ ತಾಳಿಕೊಳ್ಳುವುದಿಲ್ಲ. ಮಿಥುನ್ ಬರೆದು ಸಂಯೋಜಿಸಿದ, 2013ರ ‘ತುಮ್ ಹೀ ಹೋ’ ಮೊದಲೇ ದೀರ್ಘ ಸ್ವರಗಳ ಮೇಲೆ ನಿಂತ ಹಾಡಾದ್ದರಿಂದ ನಿಧಾನವಾದರೂ ಹೆಚ್ಚೇನೂ ಕಳೆದುಕೊಳ್ಳುವುದಿಲ್ಲ. 1964ರ ‘ಲಗ್ ಜಾ ಗಲೇ’ ಹಾಗಲ್ಲ. ಈ ರಾತ್ರಿ ಮತ್ತೆ ಬಾರದೇ ಹೋಗಬಹುದು, ಈ ಜನ್ಮದಲ್ಲಿ ನಾವು ಮತ್ತೆ ಭೇಟಿಯಾಗದೆಯೂ ಇರಬಹುದು ಎಂಬ ಆತಂಕವೇ ಅದರ ಜೀವ. ಎದುರಿಗಿರುವವರನ್ನು ಕರೆದು ಆಡುವ ಆ ಮಾತಿಗೆ ಸಮಯ ಸಾಲುತ್ತಿಲ್ಲ ಎಂಬ ತುಡಿತ ಇರಲೇಬೇಕು. ಬೇಕಾದಷ್ಟು ಸಮಯವಿದೆ ಎಂಬಂತೆ ಎಳೆದಾಗ ಅಗಲಿಕೆಯ ಭಯ ಕರಗಿ, ಒಬ್ಬರೇ ಕುಳಿತು ಅನುಭವಿಸುವ ಮಂಕು ಮಾತ್ರ ಉಳಿಯುತ್ತದೆ. ಆ ಮಂಕೂ ಯುವಕರಿಗೆ ಬೇಕಾದ ಆಸರೆಯೇ ಇರಬಹುದು. ಹಾಗಾಗಿ ಅದನ್ನು ಹೀಗಳೆಯುವುದಕ್ಕೆ ನನಗೆ ಮನಸ್ಸಿಲ್ಲ.

ನನಗೆ ನಿಜವಾಗಿ ನೋವಾಗುವುದು, ಇಂಥ ಅನೇಕ ರೂಪಗಳಲ್ಲಿ ಸಂಗೀತ ಕೊಟ್ಟ ಮದನ್ ಮೋಹನ್ ಅವರ ಹೆಸರಾಗಲೀ ಬರೆದ ರಾಜಾ ಮೆಹದಿ ಅಲಿ ಖಾನ್ ಅವರ ಹೆಸರಾಗಲೀ ಇಲ್ಲದಿರುವುದು. ಮಗನನ್ನು ತಡೆಯಬೇಡಿ. ಮೂಲ ಮುದ್ರಣವನ್ನೂ ಅವನ ಜೊತೆ ಕುಳಿತು ಕೇಳಿ, ಪ್ರತಿ ಸಾಲಿನ ಅರ್ಥವನ್ನು ಅವನಿಗೆ ಬಿಡಿಸಿ ಹೇಳಿ.