ಕಡತ ಎಲ್ಲಿ ಮಲಗುತ್ತದೆ?

‘ದ್ವೇಷ ಭಾಷಣಕ್ಕೆ ಹತ್ತು ವರ್ಷ ಜೈಲು ಆಗಬೇಕು, ವಾರ್ಡಿಗೊಂದು ಸೌಹಾರ್ದ ಸಭೆ ನಡೆಯಬೇಕು’ ಎಂದು ಬನಶಂಕರಿಯ ಓದುಗರೊಬ್ಬರು ಬರೆದಿದ್ದಾರೆ.

ಸಭೆ ನಡೆಯಲಿ ಸ್ವಾಮಿ, ಬೇಡ ಅಂದವರು ಯಾರು? ಗಣೇಶನ ಮೆರವಣಿಗೆ ಯಾವ ದಾರಿ, ಎಷ್ಟು ಹೊತ್ತಿಗೆ ಅನ್ನುವುದು ಠಾಣೆಯ ಶಾಂತಿ ಸಮಿತಿಯಲ್ಲೇ ಇತ್ಯರ್ಥವಾದರೆ ಅರ್ಧ ರಗಳೆ ತಪ್ಪುತ್ತದೆ. ಆದರೆ ಹತ್ತು ವರ್ಷ ಕೇಳುವ ಮುನ್ನ, ಈಗಿರುವ ಮೂರು ವರ್ಷದ ಗತಿ ಏನಾಗಿದೆ ನೋಡಿದಿರಾ?

ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ, ಅಂದರೆ ಹಳೆಯ ದಂಡ ಸಂಹಿತೆಯ (ಐಪಿಸಿ) 153ಎ, ಧರ್ಮಗಳ ನಡುವೆ ದ್ವೇಷ ಬಿತ್ತಿದವರಿಗೆ 3 ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ಪೂಜಾಸ್ಥಳದಲ್ಲಿ ಬಿತ್ತಿದರೆ 5 ವರ್ಷದವರೆಗೆ. ದೂರುದಾರರಿಲ್ಲದಿದ್ದರೂ ಪೊಲೀಸರೇ ಎಫ್‌ಐಆರ್ ಹಾಕಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿತು. ಹಾಕಿದರು ಅನ್ನೋಣ. ವಾಟ್ಸ್‌ಆ್ಯಪ್‌ನಲ್ಲಿ ಸುತ್ತಿ ಬಂದ ತುಂಡು ವಿಡಿಯೊವನ್ನೇ ಪೆನ್‌ಡ್ರೈವ್‌ಗೆ ತುಂಬಿ ಲಗತ್ತಿಸಿದರೆ ಕೇಸು ಅಲ್ಲಿಗೇ ಸೊರಗಿತು. ಚಿತ್ರೀಕರಿಸಿದ ಮೂಲ ಫೋನನ್ನು ಪಂಚರ ಮುಂದೆ ಜಪ್ತಿ ಮಾಡಬೇಕು. ಡಿಜಿಟಲ್ ಸಾಕ್ಷ್ಯಕ್ಕೆ ಸಾಕ್ಷ್ಯ ಅಧಿನಿಯಮದ 63(4)ನೇ ಕಲಂ ಕೇಳುವ ಪ್ರಮಾಣಪತ್ರದ ಎರಡೂ ಭಾಗ ಬೇಕು, ಅದರಲ್ಲಿ ಹ್ಯಾಶ್ ಸಂಖ್ಯೆ, ಅಂದರೆ ಕಡತ ಒಂದಿಷ್ಟು ಬದಲಾದರೂ ಬದಲಾಗುವ ಅದರ ಡಿಜಿಟಲ್ ಬೆರಳಚ್ಚು, ನಮೂದಾಗಿರಬೇಕು. ಎರಡನೆಯ ಭಾಗಕ್ಕೆ ತಜ್ಞರ ಸಹಿ ಆಗಬೇಕು. ಭಾಷಣದ ಮಾತನ್ನು ಆಡಿದ ಹಾಗೇ ಬರೆದಿಡಬೇಕು, ‘ಪ್ರಚೋದನಕಾರಿಯಾಗಿ ಮಾತನಾಡಿದರು’ ಎಂಬ ಒಂದು ಸಾಲು ಯಾವ ಮೂಲೆಗೂ ಸಾಲದು. ‘ಆ ಧ್ವನಿ ನನ್ನದಲ್ಲ’ ಎಂಬ ವಾದ ಏಳುವುದಕ್ಕೆ ಮೊದಲೇ ಧ್ವನಿ ಮಾದರಿ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ ಸೇರಿರಬೇಕು.

ಇಷ್ಟೆಲ್ಲ ಅಚ್ಚುಕಟ್ಟಾಗಿ ಮಾಡಿದ ಮೇಲೂ ಕ್ರಿಮಿನಲ್ ಮೊಕದ್ದಮೆಯ ವಿಧಿವಿಧಾನ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 217ನೇ ಕಲಂ ಅಡ್ಡ ನಿಂತಿದೆ. ತನಿಖೆಗೆ ಯಾರ ಅಪ್ಪಣೆಯೂ ಬೇಡ. ಆದರೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ನ್ಯಾಯಾಲಯ ಆ ಆರೋಪವನ್ನು ಕೈಗೆತ್ತಿಕೊಳ್ಳುವಂತಿಲ್ಲ. ಕಡತ ವಿಧಾನಸೌಧದ ಮೆಟ್ಟಿಲೇರಿದ ಮೇಲೆ ‘ಇವನು ನಮ್ಮವನೋ, ಅವರವನೋ’ ಎಂಬ ಪ್ರಶ್ನೆ ಹುಟ್ಟದೆ ಇರುತ್ತದೆಯೇ? ಪಕ್ಕದ 218ನೇ ಕಲಂ ನೋಡಿ. ಸರ್ಕಾರಿ ನೌಕರರ ವಿಷಯದಲ್ಲಿ 120 ದಿನದೊಳಗೆ ತೀರ್ಮಾನವಾಗದಿದ್ದರೆ ಅನುಮತಿ ಸಿಕ್ಕಿತೆಂದೇ ಲೆಕ್ಕ. 217ಕ್ಕೆ ಅಂಥ ಗಡುವೇ ಇಲ್ಲ. ನೀವು ಕೇಳಬೇಕಾದದ್ದು ಹತ್ತು ವರ್ಷವನ್ನಲ್ಲ, ಈ 120 ದಿನವನ್ನು.

ಅನುಮತಿ ಸಿಕ್ಕಿ ವಿಚಾರಣೆ ಶುರುವಾಯಿತೋ, ಅದೇ ಸಂಹಿತೆಯ 360ನೇ ಕಲಂ ಕಾದಿರುತ್ತದೆ: ಸರ್ಕಾರದ ಕಡೆಯಿಂದಲೇ ಮೊಕದ್ದಮೆ ವಾಪಸ್. 2020ರಲ್ಲಿ ಬಿಜೆಪಿ ಸರ್ಕಾರ 61 ಪ್ರಕರಣ ಕೈಬಿಡಹೊರಟಿತು, ಹೈಕೋರ್ಟ್ ತಡೆಯಿತು. 2024ರಲ್ಲಿ ಕಾಂಗ್ರೆಸ್ ಸರ್ಕಾರ ಹುಬ್ಬಳ್ಳಿ ಗಲಭೆಯದ್ದೂ ಸೇರಿ 43 ಪ್ರಕರಣ ಕೈಬಿಡಲು ಆದೇಶಿಸಿತು. ಮರುವರ್ಷ ಹೈಕೋರ್ಟ್ ಆ ಆದೇಶವನ್ನೇ ರದ್ದು ಮಾಡಿತು. ಬಾವುಟ ಬೇರೆ, ಚಾಳಿ ಒಂದೇ.

ನಮ್ಮ ಪತ್ರಿಕಾ ಬಳಗವೂ ಸಾಚಾ ಅಲ್ಲ. ಸೌಹಾರ್ದ ಸಭೆಯಲ್ಲಿ ಸ್ವಾಮೀಜಿ, ಮೌಲ್ವಿ, ಪಾದ್ರಿ ಕೈಹಿಡಿದು ನಿಂತ ಚಿತ್ರಕ್ಕೆ ಮುಖಪುಟ ಸಿಗುತ್ತದೆ. ಮೊಕದ್ದಮೆ ವಾಪಸಾದ ಸುದ್ದಿ ಏಳನೇ ಪುಟದಲ್ಲಿ, ಟೆಂಡರ್ ಜಾಹೀರಾತಿನ ಮಗ್ಗುಲಲ್ಲಿ.