ಎರಡು ಜೋಡಿ ಸ್ಪೀಕರ್ ಕೇಳಿ ಬಂದೆ, ದುಬಾರಿ ಟವರ್ ಜೋಡಿಯೇ ಚೆನ್ನಾಗಿತ್ತು. ಅದನ್ನೇ ಕೊಳ್ಳಲೇ?

ಇನ್ನೂ ಕೊಳ್ಳಬೇಡಿ. ಟವರ್ ಜೀವಂತವಾಗಿ ಕೇಳಿಸಿತು, ಪುಟ್ಟ ಬುಕ್‌ಶೆಲ್ಫ್ ಜೋಡಿ ಅದರ ಮುಂದೆ ಮಂಕಾಯಿತು ಎಂದು ಬರೆದಿದ್ದೀರಿ. ಓದುತ್ತಿದ್ದಂತೆ ನನ್ನದೇ ಕಥೆ ಕಣ್ಣಮುಂದೆ ಬಂತು. ಅಂಗಡಿಯವರು ಒಂದು ಜೋಡಿಯಿಂದ ಇನ್ನೊಂದಕ್ಕೆ ಬದಲಿಸುವಾಗ ವಾಲ್ಯೂಮ್ ಸರಿಹೊಂದಿಸಿದರೇ? ಅದನ್ನು ನೀವು ಬರೆದಿಲ್ಲ. ನಾನು ಎಡವಿದ್ದು ಅಲ್ಲೇ.

ನಾನು ಕೇಳಿದ್ದೂ ಹೀಗೆಯೇ: ಸೊಂಟಕ್ಕಿಂತ ಎತ್ತರದ ಟವರ್ ಒಂದು ಜೋಡಿ, ಸ್ಟ್ಯಾಂಡಿನ ಮೇಲೆ ಕೂರುವ ಪುಟ್ಟದು ಇನ್ನೊಂದು. ಅದೇ ಆಂಪ್ಲಿಫೈಯರ್, ಅದೇ ಹಾಡು, ವಾಲ್ಯೂಮ್ ಗುಂಡಿಯೂ ಅದೇ ಜಾಗದಲ್ಲಿ. ಇದಕ್ಕಿಂತ ನ್ಯಾಯವಾದ ಹೋಲಿಕೆ ಇರಲು ಸಾಧ್ಯವೇ ಇಲ್ಲ ಎಂದು ನಂಬಿದ್ದೆ. ಟವರ್‌ಗೆ ಬದಲಿಸಿದ ಕೂಡಲೇ ಗಾಯಕಿ ಮುಂದೆ ಬಂದಳು, ಡ್ರಮ್ಮಿನ ಪೆಟ್ಟು ಎದೆಗೆ ತಾಗಿತು, ಹಿಂದೆಲ್ಲೋ ಅಡಗಿದ್ದ ಗಿಟಾರ್ ತಂತಿಯ ಸದ್ದೂ ಬಿಡಿಬಿಡಿಯಾಗಿ ಕೇಳಿಸಿತು. ಮತ್ತೆ ಪುಟ್ಟ ಜೋಡಿಗೆ ಬಂದರೆ ಯಾರೋ ಅದರ ಮೇಲೆ ಕಂಬಳಿ ಹೊದಿಸಿದಂತೆ. ದುಡ್ಡು ಕಟ್ಟಿ ಟವರ್ ಮನೆಗೆ ತಂದೆ.

ಟವರ್‌ನ ಸೆನ್ಸಿಟಿವಿಟಿ 91 ಡೆಸಿಬಲ್, ಪುಟ್ಟದ್ದರದು 86. ಎರಡೂ ಕೈಪಿಡಿಯಲ್ಲೇ ಅಚ್ಚಾಗಿದ್ದ ಅಂಕಿಗಳು. ಸ್ಪೀಕರ್‌ಗೆ 2.83 ವೋಲ್ಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಅದು ಎಷ್ಟು ಜೋರಾಗಿ ನುಡಿಯುತ್ತದೆ ಎಂಬುದರ ಲೆಕ್ಕ ಅದು. ಅಂದರೆ ಗುಂಡಿ ಅಲುಗಾಡದಿದ್ದರೆ ಟವರ್ 5 ಡೆಸಿಬಲ್ ಜೋರು. ಆ ಮಟ್ಟಕ್ಕೆ ಪುಟ್ಟ ಜೋಡಿಯನ್ನು ಏರಿಸಲು ಆಂಪ್ಲಿಫೈಯರ್ ಮೂರು ಪಟ್ಟಿಗೂ ಹೆಚ್ಚು ಪವರ್ ಕೊಡಬೇಕು. ನಾನು ನ್ಯಾಯ ಎಂದುಕೊಂಡಿದ್ದ ಏರ್ಪಾಡೇ ತಕ್ಕಡಿಯ ಒಂದು ತಟ್ಟೆಯನ್ನು ಒತ್ತಿ ಹಿಡಿದಿತ್ತು.

ಅಷ್ಟು ಜೋರಿದ್ದರೆ ಕಿವಿಗೆ ಗೊತ್ತಾಗುವುದಿಲ್ಲವೇ ಅನ್ನುತ್ತೀರಿ. ಗೊತ್ತಾಗುತ್ತದೆ, ಆದರೆ ಜೋರು ಎಂದಲ್ಲ, ಚೆನ್ನ ಎಂದು. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ ಸಂಗತಿ ಇದು: ಸದ್ದು ಮೆಲ್ಲಗಿದ್ದಾಗ ನಮ್ಮ ಕಿವಿ ನಡುವಿನ ಸ್ವರಗಳನ್ನು ಚೆನ್ನಾಗಿ ಹಿಡಿಯುತ್ತದೆ, ಬೇಸ್, ಅಂದರೆ ತಗ್ಗಿನ ಸ್ವರಗಳು, ಮಾತ್ರ ಬಹಳ ತಗ್ಗುತ್ತದೆ. ಸದ್ದು ಏರಿದಂತೆ ಬೇಸ್ ತುಂಬಿಕೊಳ್ಳುತ್ತಾ ಬರುತ್ತದೆ. ಜೊತೆಗೆ, ಕೇಳಿಸುವ ಅಂಚಿನಲ್ಲಿದ್ದ ಸಣ್ಣ ಸದ್ದುಗಳೂ ಮೇಲೆದ್ದು ಬರುತ್ತವೆ. ಹಾಗಾಗಿ ಒಂದೇ ಸ್ಪೀಕರನ್ನು ತುಸು ಜೋರು ಮಾಡಿದರೂ ಬೇಸ್ ಹೆಚ್ಚಿದೆ, ವಿವರ ಹೆಚ್ಚಿದೆ ಅನಿಸುತ್ತದೆ. ವ್ಯತ್ಯಾಸ 1 ಡೆಸಿಬಲ್ಲಿನಷ್ಟೇ ಇದ್ದರೆ ಇನ್ನೂ ಅಪಾಯ. ಆಗ ವಾಲ್ಯೂಮಿನ ಮೇಲೆ ಸಂಶಯವೇ ಬರುವುದಿಲ್ಲ, ಇದರ ದನಿ ಸ್ವಚ್ಛ ಎಂದು ಹೇಳಿಬಿಡುತ್ತೇವೆ. ನಾನು ಅಂಗಡಿಯಲ್ಲಿ ಮೆಚ್ಚಿದ ಒಂದೊಂದು ಗುಣವೂ ಆ 5 ಡೆಸಿಬಲ್ಲಿಗೆ ಸೇರಿದ್ದಾಗಿತ್ತು.

ಮನೆಯಲ್ಲಿ ನನಗೆ ಹಿತವಾಗುವ ಮಟ್ಟಕ್ಕೆ ಇಳಿಸಿ ಕೇಳಿದಾಗ ಆ ಜೀವಕಳೆ ಇರಲಿಲ್ಲ. ತಾರಸ್ಥಾಯಿಗೆ ಹೋದ ದನಿಯಲ್ಲಿ ಒಂದು ಗಡಸು, ಬೇಸ್‌ನಲ್ಲಿ ಒಂದೇ ಸ್ವರದ ಗುಂಯ್‌ಗುಡುವಿಕೆ. ಸ್ಪೀಕರ್ ಪಳಗಬೇಕು ಎಂದರು, ಕಾದೆ. ಕೇಬಲ್ ಬದಲಿಸಿ ಎಂದರು, ಅದಕ್ಕೂ ಖರ್ಚು ಮಾಡಿದೆ. ಏನೂ ಬದಲಾಗಲಿಲ್ಲ. ಕೊನೆಗೆ ಗೆಳೆಯನೊಬ್ಬ ಅದೇ ಪುಟ್ಟ ಜೋಡಿಯನ್ನು ಹೊತ್ತು ತಂದ. ಎರಡರ ಸದ್ದನ್ನೂ ಸಮ ಮಾಡಿ, ಮುಂದೆ ತೆಳುಬಟ್ಟೆ ಇಳಿಬಿಟ್ಟು, ಯಾವುದು ನುಡಿಯುತ್ತಿದೆ ಎಂದು ಹೇಳದೆ ಕೇಳಿಸಿದ. ಮತ್ತೆ ಮತ್ತೆ ನಾನು ಆರಿಸಿದ್ದು ಪುಟ್ಟದ್ದನ್ನು. ಟವರ್ ಮಾರಿದೆ, ಕೊಂಡ ಬೆಲೆಗಿಂತ ಬಹಳ ಕಡಿಮೆಗೆ.

ಅದಕ್ಕೇ, "ಕಿವಿಯನ್ನು ನಂಬಿ ನಿರ್ಧರಿಸಿದರೆ ಸಾಕಲ್ಲವೇ" ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಅಂಗಡಿಯಲ್ಲಿ ಕಿವಿಯೊಂದೇ ಕೇಳುತ್ತಿರುವುದಿಲ್ಲ. ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸ್ಪೀಕರ್ ಕಣ್ಣಿಗೆ ಬಿದ್ದಾಗ ಕೇಳುಗರು ಕೊಟ್ಟ ಅಂಕಗಳೇ ಬೇರೆ, ಪರದೆಯ ಹಿಂದಿದ್ದಾಗ ಕೊಟ್ಟವೇ ಬೇರೆ. ಆ ಕೇಳುಗರು ಸ್ಪೀಕರ್ ತಯಾರಿಸುವ ಹಾರ್ಮನ್ ಕಂಪನಿಯ ನೌಕರರೇ. ಗಾತ್ರ, ಬೆಲೆ, ಹೆಸರು ಅವರನ್ನೇ ಬಾಗಿಸಿದ ಮೇಲೆ ನಾವು ನೀವು ಎಷ್ಟರವರು?

ಮತ್ತೆ ಹೋಗಿ ಕೇಳಿ. ಪಿಂಕ್ ನಾಯ್ಸ್ (ಎಲ್ಲ ಸ್ವರಗಳೂ ಬೆರೆತ, ಒಂದೇ ಸಮನೆ ಭೋರ್ಗರೆಯುವ ಪರೀಕ್ಷಾ ಸದ್ದು) ಹಾಕಿಸಿ, ಕೂರುವ ಕುರ್ಚಿಯ ಬಳಿ ಕಿವಿಯ ಎತ್ತರದಲ್ಲಿ ಸದ್ದು ಅಳೆಯುವ ಮೀಟರ್ ಇಟ್ಟು ಎರಡು ಜೋಡಿಯ ಸದ್ದನ್ನೂ ಅರ್ಧ ಡೆಸಿಬಲ್ಲಿನೊಳಗೆ ಸಮ ಮಾಡಿಸಿ. ಫೋನಿನ ಆ್ಯಪ್ ಸಾಕು. ಅದರ ಅಂಕಿ ತಪ್ಪಿರಬಹುದು, ಆದರೆ ಫೋನ್ ಅಲುಗಿಸದಿದ್ದರೆ ವ್ಯತ್ಯಾಸವನ್ನು ಸಾಕಷ್ಟು ಸರಿಯಾಗಿಯೇ ತೋರಿಸುತ್ತದೆ. ಸಿಕ್ಕರೆ 500ರಿಂದ 2000 ಹರ್ಟ್ಸ್‌ವರೆಗಿನ ನಾಯ್ಸ್ ಬಳಸಿ, ಕೋಣೆಯ ಬೇಸ್ ಲೆಕ್ಕ ಕೆಡಿಸುವುದಿಲ್ಲ. ಗುಂಡಿಯ ಎರಡು ಜಾಗಗಳನ್ನು ಬರೆದಿಟ್ಟುಕೊಂಡು, ಬದಲಿಸಿದಾಗಲೆಲ್ಲ ಅಲ್ಲಿಗೇ ತಿರುಗಿಸಬೇಕು. ಎರಡರಿಂದಲೂ ಒಂದೊಂದೇ ಸ್ಪೀಕರ್ ನುಡಿಸಿ ಮೋನೋದಲ್ಲೂ ಕೇಳಿ. ಸ್ಟೀರಿಯೋದ ವೈಶಾಲ್ಯ ಮುಚ್ಚಿಡುವ ದೋಷಗಳು ಹಾಗೆ ಬೇಗ ಸಿಕ್ಕಿಬೀಳುತ್ತವೆ. ಬರೀ ಮಾತಿನ ಧ್ವನಿಮುದ್ರಣವೂ ಒಂದಿರಲಿ. ಮನುಷ್ಯನ ದನಿ ಹೇಗಿರಬೇಕೆಂದು ಯಾರೂ ನಮಗೆ ಕಲಿಸಬೇಕಿಲ್ಲ.

ಬೇಸ್ ಬಗ್ಗೆ ಮಾತ್ರ ಅಂಗಡಿಯಲ್ಲಿ ಏನನ್ನೂ ತೀರ್ಮಾನಿಸಬೇಡಿ. ಸುಮಾರು 200 ಹರ್ಟ್ಸ್‌ಗಿಂತ ಕೆಳಗೆ ಕೋಣೆಯದೇ ಕಾರುಬಾರು. 4 ಮೀಟರ್ ಉದ್ದದ ಕೋಣೆ 43 ಹರ್ಟ್ಸ್ ಸುತ್ತ ಅನುರಣಿಸುತ್ತದೆ. ನನ್ನದು ಅಷ್ಟೇ ಉದ್ದದ್ದು, ಟವರ್ ಆ ಆಳಕ್ಕೆ ಸಲೀಸಾಗಿ ಇಳಿಯುತ್ತಿತ್ತು, ಗುಂಯ್‌ಗುಟ್ಟಿದ್ದು ಅದಕ್ಕೇ. ಪುಟ್ಟ ಜೋಡಿ ಅಲ್ಲಿಗೆ ತಲುಪುವ ಮೊದಲೇ ತಗ್ಗುತ್ತಿತ್ತು.

ಒಂದು ವಾರಾಂತ್ಯಕ್ಕೆ ಎರಡೂ ಜೋಡಿಯನ್ನು ಮನೆಗೆ ಕೊಡಿ ಎಂದು ಕೇಳಿ, ಠೇವಣಿ ಇಡಲು ಸಿದ್ಧರಾಗಿ. ಒಪ್ಪದಿದ್ದರೆ ಆ ಅಂಗಡಿಯಲ್ಲಿ ಇಷ್ಟು ದೊಡ್ಡ ಮೊತ್ತ ಸುರಿಯಬೇಡಿ. ಅಷ್ಟರಲ್ಲಿ ಎರಡರ ಸೆನ್ಸಿಟಿವಿಟಿ, ನಿಮ್ಮ ಕೋಣೆಯ ಉದ್ದ ಅಗಲ ಎತ್ತರ, ಹಿಂದಿನ ಗೋಡೆಯಿಂದ ಸ್ಪೀಕರ್ ಎಷ್ಟು ದೂರ ಇಡಬಲ್ಲಿರಿ ಎಂಬುದನ್ನು ಬರೆಯಿರಿ, ಲೆಕ್ಕ ಹಾಕಿ ಹೇಳುತ್ತೇನೆ.